ಯುದ್ಧದ ಸುದ್ದಿಗೆ ಒಂದು ನೋಟ್‌ಬುಕ್ ಇಡಿ

ಗಡಿಯಲ್ಲಿ ಗುಂಡು ಹಾರಿದ ಕೂಡಲೇ ನನಗೆ ಬರುವ ಪ್ರಶ್ನೆ ಒಂದೇ. "ಯಾವ ಚಾನೆಲ್ ನಂಬಬೇಕ್ರೀ ಸರ್?" 2025ರ ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ನ ಚಹಾದಂಗಡಿಯಲ್ಲೂ ಇದೇ ಮಾತು, ಸೇಡಂನಿಂದ ಬಂದ ಫೋನಿನಲ್ಲೂ ಇದೇ ಮಾತು. ಬೀದರಿನ ಓದುಗರೊಬ್ಬರು ಚಾನೆಲ್‌ಗಳ ಪಟ್ಟಿಯನ್ನೇ ಮಾಡಿ, "ಟಿಕ್ ಹಾಕಿ ಕಳಿಸಿ" ಎಂದಿದ್ದರು.

ಟಿಕ್ ಹಾಕಲು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಸರಿಯಾದ ಸುದ್ದಿ ಕೊಟ್ಟ ಚಾನೆಲ್ಲೇ ರಾತ್ರಿ ಎಡವುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸುಳ್ಳು ಹಿಡಿಯುವುದು ಈ ಕೆಲಸದ ಸುಲಭದ ಭಾಗ. ಒಂದೇ ಒಂದು ಸುಳ್ಳು ಹೇಳದೆಯೂ ನಿಮ್ಮ ಮನಸ್ಸನ್ನು ಒಂದು ಕಡೆ ವಾಲಿಸಬಹುದು. ಏನೆಂದು ಹೆಸರಿಟ್ಟರು, ಯಾವುದನ್ನು ಮೊದಲು ತೋರಿಸಿದರು, ಯಾವುದನ್ನು ಬಿಟ್ಟರು, ಇಷ್ಟೇ ಸಾಕು. ಇದನ್ನು ಕಣ್ಣಿಂದ ಹಿಡಿಯುವುದು ಕಷ್ಟ. ಬರೆದು ಇಟ್ಟರೆ ಸಿಕ್ಕಿಬೀಳುತ್ತದೆ. ಹಾಗಾಗಿ ನಾನು ಹೇಳುವ ಉಪಾಯ ಒಂದು ನೋಟ್‌ಬುಕ್.

ಏನೇನು ಬೇಕು

ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು, ಇಂಟರ್ನೆಟ್ ಇರುವ ಫೋನು. ಎರಡು ಭಾಷೆಯ ಸುದ್ದಿ ಓದಲೋ ಕೇಳಲೋ ಬಂದರೆ ಒಳ್ಳೆಯದು. ನಮ್ಮ ಭಾಗದಲ್ಲಿ ಅದಕ್ಕೇನೂ ಬರ ಇಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಬೇಡ ಎಂದೂ ಹೇಳುತ್ತೇನೆ.

ಪುಟಕ್ಕೆ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದು ಹೊತ್ತು, ಎರಡನೆಯದು ಯಾರು ಹೇಳಿದರು, ಮೂರನೆಯದು ಏನು ಹೇಳಿದರು, ನಾಲ್ಕನೆಯದು ಆಮೇಲೆ ಏನಾಯಿತು. ನಾಲ್ಕನೆಯದನ್ನು ಸ್ವಲ್ಪ ಅಗಲ ಬಿಡಿ, ಅದು ಖಾಲಿಯೇ ಇರಲಿ.

ಶುರು ಮಾಡುವ ಮುಂಚೆ ನಿಮ್ಮ ಬಗ್ಗೆಯೇ ಒಂದು ವಿಷಯ ತಿಳಿದಿರಲಿ. ಯುದ್ಧ ಬಂದಾಗ ಜನ ತಮ್ಮ ಸರ್ಕಾರದ ಬೆನ್ನಿಗೆ ನಿಲ್ಲುತ್ತಾರೆ. ಇದನ್ನು ರಾಜಕೀಯ ಶಾಸ್ತ್ರದವರು "ಧ್ವಜದ ಸುತ್ತ ಸೇರುವುದು" ಎನ್ನುತ್ತಾರೆ. ಅಮೆರಿಕದ ಜಾನ್ ಮುಲ್ಲರ್ ಎಂಬ ವಿದ್ವಾಂಸ 1970ರಲ್ಲೇ ಇದರ ಬಗ್ಗೆ ಬರೆದರು. ಗ್ಯಾಲಪ್ ಸಮೀಕ್ಷೆಯ ಲೆಕ್ಕ ನೋಡಿ. 2001ರ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಜಾರ್ಜ್ ಡಬ್ಲ್ಯೂ. ಬುಷ್ ಅವರನ್ನು ಮೆಚ್ಚಿದವರು ಶೇ. 51. ಅವಳಿ ಕಟ್ಟಡ ಉರುಳಿ ಹತ್ತು ದಿನ ಕಳೆಯುವಷ್ಟರಲ್ಲಿ ಅದು ಶೇ. 90. ಅವರ ತಂದೆಯದೂ ಅದೇ ಕಥೆ. 1991ರ ಕೊಲ್ಲಿ ಯುದ್ಧ ಮುಗಿದಾಗ ಶೇ. 89 ಮೆಚ್ಚುಗೆ ಇತ್ತು, ಮರುವರ್ಷವೇ ಚುನಾವಣೆಯಲ್ಲಿ ಸೋತರು. ಮನಸ್ಸು ಏರುವುದೂ ಬೇಗ, ಇಳಿಯುವುದೂ ಬೇಗ. ನಿಮಗೂ ಹೀಗೇ ಆಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆ ಏರಿದ ಹೊತ್ತಿನಲ್ಲಿ ಯಾರು ಏನು ಮಾರುತ್ತಿದ್ದಾರೆ ಎಂದು ನೋಡಿಕೊಂಡರೆ ಆಯಿತು.

1. ಮೊದಲು ಗಂಟೆ ಬರೆಯಿರಿ

ಸುದ್ದಿ ಕೇಳಿದ ಕೂಡಲೇ ದಿನಾಂಕ ಮತ್ತು ಗಂಟೆ ಬರೆಯಿರಿ. ಸುದ್ದಿಯನ್ನು ಆಮೇಲೆ ಬರೆದರಾಯಿತು.

ಏಕೆಂದು 2025ರ ಮೇ 8ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಿದ್ದರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ನಡೆದಿತ್ತು. ಎಂಟರ ರಾತ್ರಿ ದೇಶದ ಎಷ್ಟೋ ಚಾನೆಲ್‌ಗಳು ಕರಾಚಿ ಬಂದರು ಹೊತ್ತಿ ಉರಿಯುತ್ತಿದೆ ಎಂದವು. ಇಸ್ಲಾಮಾಬಾದ್ ಕೈಗೆ ಬಂತು ಎಂದೂ ಹೇಳಿದರು. ನಾನೂ ನಂಬಿದೆ. ಹನ್ನೆರಡೂವರೆಗೆ ಮನೆಯವರ ಗ್ರೂಪಿಗೆ ಹಾಕಿಯೂ ಬಿಟ್ಟೆ. ಬೆಳಗಾದರೆ ಕರಾಚಿಯೂ ಇತ್ತು, ಬಂದರೂ ಇತ್ತು. ಮೇ 11ರ ಬ್ರೀಫಿಂಗ್‌ನಲ್ಲಿ ನಮ್ಮ ನೌಕಾಪಡೆಯ ಅಧಿಕಾರಿ, ಬೇಕೆಂದಾಗ ಕರಾಚಿಯನ್ನೂ ಸೇರಿಸಿ ಹೊಡೆಯಲು ಸಿದ್ಧವಾಗಿ ನಿಂತಿದ್ದೆವು ಎಂದರು. ಹೊಡೆದೆವು ಎನ್ನಲಿಲ್ಲ.

ಬ್ರೀಫಿಂಗ್ ಎಂದರೆ ಸೇನೆ ಅಥವಾ ಸರ್ಕಾರದ ಅಧಿಕಾರಿ ಕುಳಿತು ಪತ್ರಕರ್ತರಿಗೆ ಅಧಿಕೃತವಾಗಿ ಹೇಳುವುದು. ಇದರ ಹಿಂದೊಂದು ನಿಯಮವಿದೆ. 2008ರ ಮುಂಬೈ ದಾಳಿಯನ್ನು ಚಾನೆಲ್‌ಗಳು ನೇರವಾಗಿ ತೋರಿಸಿದ್ದನ್ನು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ನಂತರ ಕೇಬಲ್ ಟಿವಿ ನಿಯಮಕ್ಕೆ ಒಂದು ಸಾಲು ಸೇರಿತು. ಉಗ್ರರ ವಿರುದ್ಧ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಇಲ್ಲ, ನೇಮಿಸಿದ ಅಧಿಕಾರಿ ಆಗಾಗ ಹೇಳುವುದಷ್ಟೇ ಪ್ರಸಾರ ಆಗಬೇಕು. 2025ರ ಏಪ್ರಿಲ್ 26ರಂದು ಕೇಂದ್ರ ಸರ್ಕಾರ ಇದನ್ನೇ ಚಾನೆಲ್‌ಗಳಿಗೆ ಮತ್ತೆ ನೆನಪಿಸಿತ್ತು.

ನಿಯಮ ಸರಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಬ್ರೀಫಿಂಗ್ ಅರ್ಧ ಗಂಟೆ, ಚಾನೆಲ್ 24 ಗಂಟೆ. ಉಳಿದ ಇಪ್ಪತ್ತಮೂರೂವರೆ ಗಂಟೆಯನ್ನು ಯಾವುದರಿಂದ ತುಂಬುತ್ತಾರೆ? ಸ್ಟುಡಿಯೊದಲ್ಲಿ ಗ್ರಾಫಿಕ್ಸ್ ವಿಮಾನ ಹಾರುತ್ತದೆ. ನಿವೃತ್ತರು ಊಹಿಸುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಟಿಆರ್‌ಪಿ, ಅಂದರೆ ಎಷ್ಟು ಜನ ಎಷ್ಟು ಹೊತ್ತು ನೋಡಿದರು ಎಂಬ ಅಳತೆ, ಅದರ ಮೇಲೆ ಜಾಹೀರಾತಿನ ದುಡ್ಡು ನಿಂತಿದೆ. ರಾತ್ರಿ ಒಂಬತ್ತರಿಂದ ಒಂದರವರೆಗೆ ಬರೆದ ಸಾಲುಗಳ ನಾಲ್ಕನೇ ಕಾಲಮ್ಮಿನಲ್ಲಿ "ಸುಳ್ಳು" ಎಂಬ ಪದ ಎಷ್ಟು ಸಲ ಬರುತ್ತದೆ ಎಂದು ನೀವೇ ಎಣಿಸಿ.

ಇಲ್ಲಿ ಜನ ಎಡವುವುದು: "ಎಲ್ಲ ಚಾನೆಲ್‌ನಲ್ಲೂ ಬಂತಲ್ಲ" ಎನ್ನುವುದು. ಹತ್ತು ಚಾನೆಲ್ ಒಂದೇ ಕಡೆಯಿಂದ ಎತ್ತಿಕೊಂಡಿದ್ದರೆ ಅದು ಒಂದೇ ಸುದ್ದಿ, ಹತ್ತು ಸುದ್ದಿ ಅಲ್ಲ.

2. ಯಾರು ಹೇಳಿದರು?

ಎರಡನೇ ಕಾಲಮ್ಮಿನಲ್ಲಿ ಚಾನೆಲ್ ಹೆಸರು ಬರೆಯಬೇಡಿ. ಚಾನೆಲ್‌ಗೆ ಹೇಳಿದವರು ಯಾರು ಎಂದು ಬರೆಯಿರಿ. ಹೆಸರು, ಹುದ್ದೆ ಇದ್ದ ಅಧಿಕಾರಿಯೇ? ಜಾಗದಲ್ಲಿ ನಿಂತ ವರದಿಗಾರರೇ? ಅಥವಾ ಬರೀ "ಮೂಲಗಳ ಪ್ರಕಾರ" ಎಂದಿದ್ದಾರೆಯೇ? ಮೂಲ ಎಂದರೆ ಸುದ್ದಿ ಕೊಟ್ಟವರು. ಹೆಸರಿಲ್ಲದ ಮೂಲದ ಮುಂದೆ ಸಣ್ಣದೊಂದು ಚುಕ್ಕೆ ಇಡಿ.

ಎಂಬೆಡೆಡ್ ಪತ್ರಕರ್ತ ಎಂಬ ಮಾತು ಕೇಳಿರಬಹುದು. ಸೈನ್ಯದ ತುಕಡಿಯ ಜೊತೆಗೇ ಉಂಡು, ಮಲಗಿ, ಸುದ್ದಿ ಕಳಿಸುವವರು. 2003ರಲ್ಲಿ ಅಮೆರಿಕ ಇರಾಕ್‌ಗೆ ನುಗ್ಗಿದಾಗ ನೂರಾರು ಪತ್ರಕರ್ತರು ಹೀಗೆ ಹೋಗಿದ್ದರು. ಅವರು ಕಂಡದ್ದು ನಿಜವೇ. ಆದರೆ ಕಂಡದ್ದೆಲ್ಲ ಟ್ಯಾಂಕಿನ ಒಳಗಿನಿಂದ. ಜೀವ ಕಾಯುವವನ ಬಗ್ಗೆ ಕೆಟ್ಟದ್ದು ಬರೆಯುವುದು ಯಾರಿಗೂ ಸುಲಭವಲ್ಲ, ಅಲ್ವಾ?

ಕಣ್ಣಾರೆ ಕಂಡೆ ಎನ್ನುವವರ ಮಾತೂ ಜೋಪಾನ. 1990ರ ಅಕ್ಟೋಬರ್‌ನಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಅಮೆರಿಕದ ಸಂಸದರ ಮುಂದೆ ಅಳುತ್ತ ಸಾಕ್ಷಿ ನುಡಿದಳು. ಇರಾಕಿನ ಸೈನಿಕರು ಕುವೈತ್‌ನ ಆಸ್ಪತ್ರೆಗೆ ನುಗ್ಗಿ, ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ನೆಲಕ್ಕೆ ಹಾಕಿದರು ಎಂದಳು. ಅಧ್ಯಕ್ಷರೇ ಈ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಯುದ್ಧ ಮುಗಿದ ಮೇಲೆ, 1992ರ ಜನವರಿಯಲ್ಲಿ, ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂಬುದು ಬಯಲಾಯಿತು. ಆಕೆಯ ಮಾತನ್ನು ಸಿದ್ಧ ಮಾಡುವುದರಲ್ಲಿ ಹಿಲ್ ಆ್ಯಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿಯ ಕೈ ಇತ್ತು. ಇನ್‌ಕ್ಯುಬೇಟರ್ ಕಥೆಗೆ ಪುರಾವೆ ಸಿಗಲಿಲ್ಲ. ಇರಾಕ್ ಕುವೈತ್ ಮೇಲೆ ಎರಗಿದ್ದು ಮಾತ್ರ ಅಪ್ಪಟ ನಿಜ. ಸುಳ್ಳು ಹೀಗೆ ನಿಜದ ತೋಳು ಹಿಡಿದುಕೊಂಡೇ ಬರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. "ನಮ್ಮ ತಮ್ಮ ದುಬೈದಾಗ ಅದಾನ, ಅವನೇ ಹೇಳ್ಯಾನ." ತಮ್ಮ ದುಬೈನಲ್ಲಿ ಇರುವುದು ಖರೆ. ಆದರೆ ಕ್ಷಿಪಣಿ ಬಿದ್ದದ್ದು ಬೇರೆ ದೇಶದಲ್ಲಿ, ಅವನು ನೋಡಿದ್ದೂ ಫೋನಿನಲ್ಲೇ. ಕಾಲಮ್ಮಿನಲ್ಲಿ "ತಮ್ಮ, ಫೋನಿನಲ್ಲಿ ನೋಡಿದ್ದು" ಎಂದು ಬರೆಯಿರಿ.

3. ಹೆಸರು ಬದಲಿಸಿ ಓದಿ

ನನ್ನ ಮಟ್ಟಿಗೆ ಇದೇ ಮುಖ್ಯವಾದ ಹಂತ. ಬಹಳ ಜನ ಹಾರಿಸಿ ಹೋಗುವುದೂ ಇದನ್ನೇ.

ನಮ್ಮ ಹಿರಿಯರು ಇವತ್ತಿಗೂ "ಪೊಲೀಸ್ ಆ್ಯಕ್ಷನ್" ಎನ್ನುತ್ತಾರೆ. ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಂದಿನ ಯಾದಗಿರಿಯೂ ಅದರೊಳಗೇ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಬಂದದ್ದು ಪೊಲೀಸರಲ್ಲ. ಟ್ಯಾಂಕು, ವಿಮಾನ ಇದ್ದ ಭಾರತದ ಸೈನ್ಯ, ಮುಂದಾಳು ಮೇಜರ್ ಜನರಲ್ ಜೆ.ಎನ್. ಚೌಧರಿ. ಸೈನ್ಯದ ಕಾಗದದಲ್ಲಿ ಅದರ ಹೆಸರು ಆಪರೇಷನ್ ಪೋಲೊ. ಹಾಗಾದರೆ ಪೊಲೀಸ್ ಎಂದಿದ್ದೇಕೆ? ನಿಜಾಮರ ಸರ್ಕಾರ ಆಗಸ್ಟ್‌ನಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತ್ತು. ಯುದ್ಧ ಎಂದರೆ ಎರಡು ದೇಶಗಳ ನಡುವಿನ ಜಗಳ ಎಂದಾಗುತ್ತದೆ. ಪೊಲೀಸ್ ಎಂದರೆ ಮನೆಯೊಳಗಿನ ಶಿಸ್ತಿನ ವಿಷಯ. ಒಂದು ಪದ ಅಷ್ಟು ಕೆಲಸ ಮಾಡಿತು.

ಒಂದೇ ಐದು ದಿನ. ಆದರೆ ಅದನ್ನು ವಿಮೋಚನೆ ಎನ್ನುವವರಿದ್ದಾರೆ, ವಿಲೀನ ಎನ್ನುವವರಿದ್ದಾರೆ, ಆಕ್ರಮಣ ಎಂದವರೂ ಇದ್ದರು. ನಾವೇ ಸೆಪ್ಟೆಂಬರ್ 17ನ್ನು ವಿಮೋಚನಾ ದಿನ ಎನ್ನುತ್ತಿದ್ದೆವು, ಈಗ ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತೇವೆ. ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿಯನ್ನು ಅನುಭವಿಸಿದ ಮನೆಯಲ್ಲಿ ಒಂದು ಹೆಸರು, ಸೈನ್ಯ ಬಂದ ಮೇಲಿನ ದಿನಗಳಲ್ಲಿ ಮನೆಯವರನ್ನು ಕಳೆದುಕೊಂಡ ಕಡೆ ಇನ್ನೊಂದು ಹೆಸರು. ಯಾವ ಹೆಸರು ಸರಿ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಹೆಸರು ಕೇಳಿದ ಕೂಡಲೇ ನಿಮ್ಮ ಮನಸ್ಸು ಯಾವ ಕಡೆ ನಿಂತಿತು ಎಂದು ಗಮನಿಸಿ, ಸಾಕು.

ಎಪ್ಪತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ, 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತು. ಹೆಸರು "ವಿಶೇಷ ಸೇನಾ ಕಾರ್ಯಾಚರಣೆ". ಮಾರ್ಚ್‌ನಲ್ಲಿ ಅಲ್ಲಿ ಕಾನೂನು ಬಂತು, ಸೈನ್ಯದ ಬಗ್ಗೆ "ಸುಳ್ಳು ಮಾಹಿತಿ" ಹರಡಿದರೆ 15 ವರ್ಷದವರೆಗೆ ಜೈಲು. ಯುದ್ಧ ಎಂದು ಕರೆಯುವುದೇ ಅಪಾಯವಾಯಿತು.

ಈಗ ಅಭ್ಯಾಸಕ್ಕೆ ಬನ್ನಿ. ಮೂರನೇ ಕಾಲಮ್ಮಿನಲ್ಲಿ ಸುದ್ದಿಯನ್ನು ಅವರದೇ ಶಬ್ದಗಳಲ್ಲಿ ಬರೆಯಿರಿ, ನಿಮ್ಮ ಮಾತಿನಲ್ಲಿ ಬೇಡ. ಕನ್ನಡ ಟಿವಿಗೆ ತನ್ನದೇ ಒಂದು ಯುದ್ಧ ನಿಘಂಟು ಇದೆ: ಉಡೀಸ್, ಮಟಾಷ್, ಧೂಳೀಪಟ, ಛಿದ್ರ ಛಿದ್ರ, ಪಾಪಿ ಪಾಕ್. ಇವುಗಳ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಆ ಪದ ತೆಗೆದು ಅಳತೆ ಇರುವ ಪದ ಹಾಕಲು ನೋಡಿ. "ವಾಯುನೆಲೆ ಉಡೀಸ್" ಎಂದರೆ ಏನು? ರನ್‌ವೇಯಲ್ಲಿ ಗುಂಡಿ ಬಿತ್ತೇ, ಗೋಡೆ ಬಿರುಕು ಬಿಟ್ಟಿತೇ, ನೆಲೆಯೇ ಇಲ್ಲವಾಯಿತೇ? ಹಾಕಲು ಪದ ಸಿಗದಿದ್ದರೆ ಆ ಸುದ್ದಿಯಲ್ಲಿ ಮಾಹಿತಿಯೇ ಇಲ್ಲ ಎಂದರ್ಥ. ಬರೀ ಉಮೇದು ಇದೆ.

ಆಮೇಲೆ ಸತ್ತವರ ಲೆಕ್ಕ. ನಮ್ಮವರು ಹುತಾತ್ಮರಾಗುತ್ತಾರೆ, ಅವರವರು ಫಿನಿಶ್ ಆಗುತ್ತಾರೆ. ಎರಡೂ ಕಡೆ "ಸತ್ತರು" ಎಂದು ಬರೆದು ಒಮ್ಮೆ ಓದಿ. ನಮ್ಮ ಯೋಧನ ಗೌರವ ಅದರಿಂದ ಕಡಿಮೆಯಾಗುವುದಿಲ್ಲ. ಆ ಕಡೆ ಸತ್ತವರಲ್ಲಿ ಸೈನಿಕರು ಎಷ್ಟು, ಊರಿನ ಜನ ಎಷ್ಟು ಎಂಬ ಪ್ರಶ್ನೆ ಮಾತ್ರ ಮೊದಲ ಸಲ ಕಾಣುತ್ತದೆ.

ಕನ್ನಡದ ತಲೆಬರಹಕ್ಕೆ ಇನ್ನೊಂದು ಸವಲತ್ತು ಇದೆ. ಮಾಡಿದವರ ಹೆಸರು ಬಿಟ್ಟರೂ ವಾಕ್ಯ ಚೆನ್ನಾಗಿಯೇ ನಿಲ್ಲುತ್ತದೆ. "ಆಸ್ಪತ್ರೆ ಮೇಲೆ ದಾಳಿ: ಹಲವರ ಸಾವು". ದಾಳಿ ಮಾಡಿದ್ದು ಯಾರು? ಇಂಥ ಸಾಲು ಕಂಡಾಗ "ಯಾರು?" ಎಂದು ಪಕ್ಕಕ್ಕೆ ಬರೆಯಿರಿ. ಕೆಲವೊಮ್ಮೆ ಪತ್ರಿಕೆಗೂ ನಿಜವಾಗಿ ಗೊತ್ತಿರುವುದಿಲ್ಲ, ಅದು ಪ್ರಾಮಾಣಿಕತೆ. ಆದರೆ ಒಂದು ದೇಶ ದಾಳಿ ಮಾಡಿದಾಗ ಯಾವಾಗಲೂ ಹೆಸರು ಬಂದು, ಇನ್ನೊಂದು ದೇಶ ಮಾಡಿದಾಗ ಯಾವಾಗಲೂ ಹೆಸರು ಮಾಯವಾದರೆ, ಎರಡು ವಾರದ ನೋಟ್‌ಬುಕ್ಕಿನಲ್ಲಿ ಅದು ಕಣ್ಣಿಗೆ ರಾಚುತ್ತದೆ.

4. ಮೊದಲು ದನಿ ಆಫ್ ಮಾಡಿ, ಆಮೇಲೆ ಚಿತ್ರ ನೋಡಿ

ಟಿವಿಯ ದನಿ ತೆಗೆದು ಎರಡು ನಿಮಿಷ ನೋಡಿ. ಡೋಲು, ಸೈರನ್, ಕಿರುಚಾಟ ಹೋದ ಮೇಲೆ ತೆರೆಯ ಮೇಲೆ ಹೊಸದೇನಾದರೂ ಇದೆಯೇ? ಸೈರನ್ ಬಗ್ಗೆ ಸುಮ್ನೆ ಹೇಳುತ್ತಿಲ್ಲ. 2025ರ ಮೇನಲ್ಲಿ ಕೇಂದ್ರ ಗೃಹ ಇಲಾಖೆ, ಕಾರ್ಯಕ್ರಮಗಳಲ್ಲಿ ನಾಗರಿಕ ರಕ್ಷಣೆಯ ಸೈರನ್ ಸದ್ದು ಬಳಸಬೇಡಿ ಎಂದು ಚಾನೆಲ್‌ಗಳಿಗೆ ಹೇಳಬೇಕಾಯಿತು. ದಿನವಿಡೀ ಟಿವಿಯಲ್ಲಿ ಕೇಳಿ ಕಿವಿಗೆ ರೂಢಿಯಾದರೆ, ನಿಜವಾದ ಸೈರನ್ ಕೂಗಿದಾಗ ಜನ ಎದ್ದು ಓಡುವುದಿಲ್ಲವಲ್ಲ.

ಫೋನಿಗೆ ಬಂದ ವಿಡಿಯೊಗೆ ಹೀಗೆ ಮಾಡಿ. ವಿಡಿಯೊ ನಿಲ್ಲಿಸಿ, ಕಟ್ಟಡವೋ ಬೋರ್ಡೋ ಸ್ಪಷ್ಟವಾಗಿ ಕಾಣುವ ಜಾಗದಲ್ಲಿ ಸ್ಕ್ರೀನ್‌ಶಾಟ್ ತೆಗೆಯಿರಿ. ಗೂಗಲ್ ಲೆನ್ಸ್ ತೆರೆದು ಆ ಚಿತ್ರ ಕೊಡಿ. ಬಂದ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಹಳೆಯ ದಿನಾಂಕ ಹುಡುಕಿ. ಚಿತ್ರ ಮೂರು ವರ್ಷದ ಹಿಂದಿನದಾದರೆ ಕೆಲಸ ಮುಗಿಯಿತು. ಒಂದು ಚಿತ್ರಕ್ಕೆ ಏನೂ ಸಿಗದಿದ್ದರೆ ಬೇರೆ ಎರಡು ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಿ.

ರಾತ್ರಿ ಆಕಾಶದಲ್ಲಿ ಕ್ಷಿಪಣಿಗಳು ವಿಮಾನವನ್ನು ಅಟ್ಟಿಸಿಕೊಂಡು ಹೋಗುವ ವಿಡಿಯೊ ಬಂದರೆ ಮೊದಲ ಗುಮಾನಿ ಆಟದ ಮೇಲಿರಲಿ. ಜೆಕ್ ದೇಶದ ಬೊಹೆಮಿಯಾ ಇಂಟರ್‌ಆ್ಯಕ್ಟಿವ್ ಕಂಪನಿಯ ಆರ್ಮಾ 3 ಎಂಬ ಕಂಪ್ಯೂಟರ್ ಆಟದ ದೃಶ್ಯಗಳನ್ನು ಉಕ್ರೇನ್, ಗಾಜಾ, ಆಮೇಲೆ ನಮ್ಮ ಗಡಿಯ ಯುದ್ಧ ಎಂದೂ ಹಂಚಿದ್ದಾರೆ. ಬೇಸತ್ತ ಕಂಪನಿ 2022ರ ನವೆಂಬರ್‌ನಲ್ಲಿ ತಾನೇ ಗುರುತುಗಳನ್ನು ಹೇಳಿಕೊಟ್ಟಿತು. ಚಿತ್ರ ಬೇಕೆಂದೇ ಮಸುಕಾಗಿರುತ್ತದೆ, ಕ್ಯಾಮೆರಾ ಅಲುಗಾಡುತ್ತದೆ, ಹೆಚ್ಚಾಗಿ ಕತ್ತಲು, ಎಷ್ಟೋ ಸಲ ಸದ್ದು ಇಲ್ಲ, ಮನುಷ್ಯರು ನಡೆದಾಡುವುದು ಕಾಣುವುದಿಲ್ಲ.

ಡೀಪ್‌ಫೇಕ್ ಎಂದರೆ ಕಂಪ್ಯೂಟರ್‌ನಿಂದ ಒಬ್ಬರ ಮುಖ, ದನಿ ತಯಾರಿಸಿ ಅವರು ಹೇಳದ್ದನ್ನು ಹೇಳಿಸುವುದು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ತಮ್ಮ ಸೈನಿಕರಿಗೆ ಶರಣಾಗಿ ಎನ್ನುವ ಇಂಥ ವಿಡಿಯೊ ಬಂದಿತ್ತು. ಆಗ ಅದು ಒರಟಾಗಿತ್ತು, ಈಗ ಇವು ನುಣುಪಾಗಿವೆ. ದೊಡ್ಡವರು ದೊಡ್ಡ ಮಾತು ಆಡಿದ ವಿಡಿಯೊ ಒಂದೇ ಕಡೆ ಇದ್ದು, ಬೇರೆ ಯಾವ ಪತ್ರಿಕೆಯಲ್ಲೂ ಇಲ್ಲದಿದ್ದರೆ ತಡೆಯಿರಿ.

ಎಡವುವುದು ಎರಡು ಕಡೆ. ಲೆನ್ಸ್‌ನಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಅದು ನಿಜ ಅಲ್ಲ. ಎರಡನೆಯದು, ಎಐ ಚಾಟ್‌ಬಾಟ್‌ಗೆ ಕೇಳಿ ಸುಮ್ಮನಾಗುವುದು. ಅದೇ ಮೇ ತಿಂಗಳಲ್ಲಿ ಎಕ್ಸ್‌ನ ಗ್ರೋಕ್, ಸುಡಾನ್‌ನ ಖಾರ್ತೂಮ್ ವಿಮಾನ ನಿಲ್ದಾಣದ ಹಳೆಯ ದೃಶ್ಯವನ್ನು ಪಾಕಿಸ್ತಾನದ ನೂರ್ ಖಾನ್ ವಾಯುನೆಲೆಯ ಮೇಲಿನ ದಾಳಿ ಎಂದು ಹೇಳಿತ್ತು.

ಪಿಐಬಿ ಫ್ಯಾಕ್ಟ್ ಚೆಕ್ ನೋಡಬಹುದಾ ಎಂದು ಕೇಳುತ್ತೀರಿ. ನೋಡಿ. ಅದು ಕೇಂದ್ರ ಸರ್ಕಾರದ ವಿಭಾಗ, ಆ ದಿನಗಳಲ್ಲಿ ಹಳೆಯ ವಿಡಿಯೊಗಳನ್ನು ಬೇಗ ಬೇಗ ಬಯಲು ಮಾಡಿತು. ಆದರೆ ಯುದ್ಧದಲ್ಲಿ ಸರ್ಕಾರವೂ ಒಂದು ಪಕ್ಷ ಎಂಬುದು ಮರೆಯಬೇಡಿ. ಆಲ್ಟ್ ನ್ಯೂಸ್, ಬೂಮ್, ಫ್ಯಾಕ್ಟ್ಲಿಯಂಥ ಬೇರೆ ಸಂಸ್ಥೆಗಳಲ್ಲೂ ಒಮ್ಮೆ ಹುಡುಕಿ.

5. ಬಿಟ್ಟದ್ದನ್ನು ಬೇರೆ ಭಾಷೆಯಲ್ಲಿ ಹುಡುಕಿ

ಬೆಂಗಳೂರಿನವರಿಗೆ ಇಲ್ಲದ ಅನುಕೂಲ ನಮಗಿದೆ. ಆಳಂದ, ಭಾಲ್ಕಿ, ಔರಾದ ಕಡೆ ಮರಾಠಿ ಬರುತ್ತದೆ. ಗುರುಮಠಕಲ್, ಸೇಡಂ ಕಡೆ ತೆಲುಗು. ಪೇಟೆಯಲ್ಲಿ ದಖನಿ ಉರ್ದು ಇದ್ದೇ ಇದೆ. ಒಂದೇ ಘಟನೆಯನ್ನು ಕನ್ನಡದಲ್ಲಿ ಓದಿ, ಮತ್ತೆ ಉರ್ದು ಇಲ್ಲವೇ ಮರಾಠಿಯಲ್ಲಿ ಓದಿ. ಬಿಬಿಸಿಗೆ ಹಿಂದಿ, ಉರ್ದು, ಮರಾಠಿ, ತೆಲುಗು ಸೇವೆಗಳಿವೆ, ಕನ್ನಡ ಇಲ್ಲ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಮಾತ್ರ ಬರೆದುಕೊಳ್ಳಿ. ಉರ್ದು ಬಾರದಿದ್ದರೆ ಪಕ್ಕದ ಮನೆಯವರಿಗೆ ಕೇಳಿ. ಈ ಅಭ್ಯಾಸದಲ್ಲಿ ಅದೇ ನನಗೆ ಜಾಸ್ತಿ ಇಷ್ಟ.

ಯಾವ ಯುದ್ಧ ನಮಗೆ ಯುದ್ಧವಾಗಿ ಕಾಣುತ್ತದೆ ಎಂಬುದನ್ನೂ ಮಾಧ್ಯಮವೇ ನಿರ್ಧರಿಸುತ್ತದೆ. ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಯುದ್ಧ ಶುರುವಾಯಿತು. ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದಾಗ ನಮ್ಮಲ್ಲಿ ದಿನಕ್ಕೆ ಎರಡು ಪುಟ ಸುದ್ದಿ. ಆಪರೇಷನ್ ಕಾವೇರಿಯಲ್ಲಿ ಅವರು ಮನೆಗೆ ಬಂದರು, ಸುದ್ದಿ ನಿಂತಿತು. ಯುದ್ಧ ನಿಲ್ಲಲಿಲ್ಲ. ಉಕ್ರೇನ್ ಕೂಡ ಹಾಗೇ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ ದಿನ ಆ ಊರಿನ ಹೆಸರು ಮನೆಮನೆಗೆ ಬಂತು. 2024ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಮತ್ತೆ ಸುದ್ದಿಗೆ ಬಂತು. ಸಹಾಯಕರ ಕೆಲಸ ಎಂದು ನಂಬಿ ಹೋದ ನಮ್ಮ ಕಲಬುರಗಿ ಜಿಲ್ಲೆಯ ಯುವಕರನ್ನು ರಷ್ಯಾದ ಸೈನ್ಯಕ್ಕೆ ಸೇರಿಸಿ ಯುದ್ಧದ ಜಾಗಕ್ಕೆ ಕಳಿಸಿದ್ದು ಆಗ ಗೊತ್ತಾಯಿತು. ಅವರು ಸೆಪ್ಟೆಂಬರ್‌ನಲ್ಲಿ ಮರಳಿದರು. ಆ ನಡುವಿನ ತಿಂಗಳುಗಳಲ್ಲಿ ಉಕ್ರೇನ್ ಬಗ್ಗೆ ನೀವು ಎಷ್ಟು ಸುದ್ದಿ ಓದಿದ್ದಿರಿ?

ಸುದ್ದಿ ಬಾರದಿರಲು ಕೆಲವು ಕಡೆ ಬೇರೆ ಕಾರಣವೂ ಇರುತ್ತದೆ. 1948ರ ಆಗಸ್ಟ್ 22ರಂದು ಹೈದರಾಬಾದಿನಲ್ಲಿ ಉರ್ದು ಪತ್ರಿಕೆ ಇಮ್ರೋಜ್‌ನ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ರಜಾಕಾರರು ಕೊಂದರು. ಭಾರತದ ಜೊತೆ ಸೇರಬೇಕು ಎಂದು ಬರೆದದ್ದೇ ಅವರ ತಪ್ಪು.

6. ಕಳಿಸುವ ಮುಂಚೆ ನಿಲ್ಲಿ

ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ, ಅದು ಕೈಯಿಂದ ಕೈಗೆ ಕನಿಷ್ಠ ಐದು ಸಲ ದಾಟಿ ಬಂದದ್ದು. ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಲು ಆಗುವುದೂ ಇದಕ್ಕೇ. ಆ ಗುರುತು ಕಂಡರೆ ನೋಟ್‌ಬುಕ್ಕಿಗೆ ಹಾಕಿ, ಮುಂದಕ್ಕೆ ಬೇಡ.

ಬೀದರಿನವರಿಗೆ ಒಂದು ಮಾತು. ನಿಮ್ಮಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಹಾಕ್ ವಿಮಾನಗಳು ಹಾರುತ್ತಲೇ ಇರುತ್ತವೆ, ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ಮನೆಯೂ ಅದೇ. ಯುದ್ಧದ ದಿನಗಳಲ್ಲಿ ಅದೇ ಸದ್ದು ಬೇರೆ ಥರ ಕೇಳಿಸುತ್ತದೆ. ಮಹಡಿ ಹತ್ತಿ ವಿಡಿಯೊ ಮಾಡಿ ಹಾಕಬೇಡಿ. ಸುಳ್ಳಾದರೆ ಊರಿಗೆ ಗಾಬರಿ, ನಿಜವಾದರೆ ಸೈನ್ಯಕ್ಕೆ ತೊಂದರೆ.

ಯುದ್ಧದ ಸುದ್ದಿ ಗಡಿಯಿಂದ ಓಣಿಗೆ ಇಳಿಯುವುದು ಈ ಹಂತದಲ್ಲೇ. 2025ರ ಮೇ 7ರಂದು ಜಮ್ಮುವಿನ ಪೂಂಚ್‌ನಲ್ಲಿ ಪಾಕಿಸ್ತಾನದ ಶೆಲ್ ಬಿದ್ದು ಮದರಸಾದ ಶಿಕ್ಷಕರೊಬ್ಬರು ಸತ್ತರು. ಕೆಲವು ಚಾನೆಲ್‌ಗಳು ಅವರನ್ನೇ ಉಗ್ರ ಎಂದು ತೋರಿಸಿದವು. ಪೂಂಚ್ ಪೊಲೀಸರು ಅದು ಸುಳ್ಳು ಎಂದು ಹೇಳಬೇಕಾಯಿತು. ಶತ್ರುವಿನ ಶೆಲ್‌ಗೆ ಸತ್ತವನನ್ನು ಶತ್ರು ಎಂದು ಕರೆದರೆ ಆ ಮನೆಯವರು ಯಾರ ಹತ್ತಿರ ಹೋಗಬೇಕು? ಅದೇ ತಿಂಗಳು ಎಕ್ಸ್‌ನಲ್ಲಿ, ಬ್ರೀಫಿಂಗ್ ನೀಡಿದ ಕರ್ನಲ್ ಸೋಫಿಯಾ ಖುರೇಷಿ ಅವರ ಬೆಳಗಾವಿ ಜಿಲ್ಲೆಯ ಮನೆ ಮೇಲೆ ದಾಳಿ ಎಂಬ ಪೋಸ್ಟ್ ಓಡಾಡಿತು. ಬೆಳಗಾವಿ ಪೊಲೀಸರು ಅಂಥದ್ದೇನೂ ನಡೆದಿಲ್ಲ ಎಂದರು. ಒಂದು ಸುಳ್ಳು ಒಂದು ಕಡೆಯವರನ್ನು ಕೆರಳಿಸುವಂಥದ್ದು, ಇನ್ನೊಂದು ಇನ್ನೊಂದು ಕಡೆಯವರನ್ನು. ಬಂದೇನವಾಜ್ ದರ್ಗಾ ಮತ್ತು ಶರಣಬಸವೇಶ್ವರ ಗುಡಿ ಎರಡಕ್ಕೂ ಹೋಗುವ ಊರಿನವರು ನಾವು. ಓಣಿಯ ಮನುಷ್ಯನ ಬಗ್ಗೆ ಗುಮಾನಿ ಹುಟ್ಟಿಸುವ ಯುದ್ಧದ ಸುದ್ದಿಗೆ ಕನಿಷ್ಠ ಎರಡು ದಿನ ಕಾಯಿರಿ.

ಮನೆಯ ಹಿರಿಯರು ಇಂಥದ್ದನ್ನು ಕಳಿಸಿದರೆ ಏನು ಮಾಡಬೇಕು? ಗ್ರೂಪಿನಲ್ಲಿ ಎಲ್ಲರೆದುರು "ಇದು ಫೇಕ್" ಎನ್ನಬೇಡಿ. ಅವರು ಪಟ್ಟು ಹಿಡಿಯುತ್ತಾರೆ, ನೀವೂ ಹಿಡಿಯುತ್ತೀರಿ. ಬೇರೆಯಾಗಿ ಫೋನ್ ಮಾಡಿ, "ಕಾಕಾ, ಇದು ಎಲ್ಲಿಂದ ಬಂದದ್ರೀ? ನನಗೂ ನೋಡಬೇಕಾಗ್ಯದ" ಎಂದು ಕೇಳಿ. ಹುಡುಕುವ ಕೆಲಸವನ್ನು ಅವರ ಜೊತೆಗೇ ಮಾಡಿ. ಹತ್ತರಲ್ಲಿ ನಾಲ್ಕು ಸಲ ಫಲ ಕೊಡುತ್ತದೆ ಎಂದುಕೊಳ್ಳಿ, ಅದೂ ಕಡಿಮೆಯೇನಲ್ಲ.

7. ನಾಲ್ಕನೇ ಕಾಲಂ ತುಂಬಿಸಿ

ಗುಂಡಿನ ಸದ್ದು ನಿಂತ ಮೇಲೆ ಎಲ್ಲರೂ ನೋಟ್‌ಬುಕ್ ಮುಚ್ಚುತ್ತಾರೆ. ನಿಜವಾದ ಕೆಲಸ ಆಗ ಶುರು. ಒಂದು ವಾರಕ್ಕೆ, ಒಂದು ತಿಂಗಳಿಗೆ, ಒಂದು ವರ್ಷಕ್ಕೆ ತೆರೆಯಿರಿ.

ಮೇ 10ರಂದು ಕದನ ನಿಂತಿತು. ನಮ್ಮ ವಿಮಾನ ಬಿದ್ದಿವೆಯೇ ಎಂದು ಮರುದಿನ ಕೇಳಿದಾಗ ವಾಯುಪಡೆಯ ಅಧಿಕಾರಿ, ಹೋರಾಟದಲ್ಲಿ ನಷ್ಟ ಇದ್ದದ್ದೇ ಎಂದಷ್ಟೇ ಹೇಳಿದರು. ವಿಮಾನ ಕಳೆದುಕೊಂಡದ್ದು ನಿಜ ಎಂದು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿದ್ದು ಮೇ 31ರಂದು, ಸಿಂಗಪುರದಲ್ಲಿ. ಸಂಖ್ಯೆ ಹೇಳಲಿಲ್ಲ. ಯುದ್ಧದ ನಡುವೆ ಸೈನ್ಯ ಎಲ್ಲವನ್ನೂ ಹೇಳಬೇಕು ಎಂದು ನಾನೂ ಹೇಳುವುದಿಲ್ಲ. ಆ ಮೂರು ವಾರ ನಾವು ಕಟ್ಟಿಕೊಂಡ ಅಭಿಪ್ರಾಯ ಅರ್ಧ ಪುಟದ ಮೇಲೆ ನಿಂತಿತ್ತು ಎಂದು ಗುರುತು ಹಾಕಿಕೊಳ್ಳಿ, ಅಷ್ಟೇ. ಪತ್ರಿಕೆಗಳೂ ತಡವಾಗಿ ಒಪ್ಪುತ್ತವೆ. ಇರಾಕ್‌ನಲ್ಲಿ ಭಯಂಕರ ಅಸ್ತ್ರಗಳಿವೆ ಎಂಬ ತನ್ನ ವರದಿಗಳಲ್ಲಿ ಸಾಕಷ್ಟು ಬಿಗಿ ಇರಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ ಓದುಗರಿಗೆ ಬರೆದದ್ದು 2004ರ ಮೇ 26ರಂದು. ಯುದ್ಧ ಶುರುವಾಗಿ ಒಂದು ವರ್ಷದ ಮೇಲಾಗಿತ್ತು.

ಕಾಲಂ ತುಂಬಿಸುತ್ತ ಹೋದವರು ಬೀಳುವ ಗುಂಡಿ ಒಂದಿದೆ. "ಎಲ್ಲಾ ಸುಳ್ಳು, ಯಾರನ್ನೂ ನಂಬಬಾರದು" ಎನ್ನಲು ಶುರು ಮಾಡುತ್ತಾರೆ. ಇದು ಬುದ್ಧಿವಂತಿಕೆಯಂತೆ ಕಾಣುತ್ತದೆ, ಆದರೆ ದುಬಾರಿ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಜರ್ಮನರು ಹೆಣಗಳನ್ನು ಕುದಿಸಿ ಕೊಬ್ಬು ತೆಗೆಯುವ ಕಾರ್ಖಾನೆ ಇಟ್ಟಿದ್ದಾರೆ ಎಂದು ಬ್ರಿಟನ್ನಿನ ಪತ್ರಿಕೆಗಳು ಬರೆದವು. ಅದಕ್ಕೆ ಆಧಾರವಿಲ್ಲ ಎಂದು ಅಲ್ಲಿನ ಸರ್ಕಾರ 1925ರಲ್ಲಿ ಒಪ್ಪಿತು. ಮುಂದೆ ಹಿಟ್ಲರನ ಸಾವಿನ ಶಿಬಿರಗಳ ನಿಜವಾದ ಸುದ್ದಿ ಬಂದಾಗ, ಇದೂ ಅಂಥದ್ದೇ ಕಥೆ ಎಂದು ತಳ್ಳಿದವರಿದ್ದರು. ಹಾಗಾಗಿ ನಾಲ್ಕನೇ ಕಾಲಮ್ಮಿನಲ್ಲಿ "ನಿಜವಾಯಿತು" ಎಂದೂ ಬರೆಯಿರಿ. ಆ ಸಾಲುಗಳಲ್ಲಿ ಯಾವ ವರದಿಗಾರರ ಹೆಸರು ಮತ್ತೆ ಮತ್ತೆ ಬಂತು ಎಂದು ನೋಡಿ. ಬೀದರಿನ ಆ ಓದುಗರು ಕೇಳಿದ ಟಿಕ್ ಮಾರ್ಕನ್ನು ಅಲ್ಲಿ ಹಾಕಬಹುದು.

ಈ ಕಾಲಮ್ಮಿನ ಕೆಲವು ಮನೆ ಖಾಲಿ ಉಳಿಯುತ್ತವೆ, ಬಹಳ ವರ್ಷ ಉಳಿಯುತ್ತವೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಮಾಡಿದ ಹತ್ಯೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್‌ನಲ್ಲಿ ಸೈನ್ಯ ಬಂದಾಗ ಮತ್ತು ಬಂದ ಮೇಲೆ ಏನಾಯಿತು ಎಂದು ನೋಡಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಅವರ ತಂಡವನ್ನು ಕಳಿಸಿತ್ತು. ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು, ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರ್ ಸೇರಿವೆ ಎಂದು ಆ ತಂಡ ಬರೆಯಿತು. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಜನ ಅದನ್ನು ಮುಕ್ತವಾಗಿ ನೋಡುವಂತಾದದ್ದು 2013ರಲ್ಲಿ. ಆ ಸಾಲಿನ ನಾಲ್ಕನೇ ಕಾಲಂ ತುಂಬಲು 65 ವರ್ಷ ಹಿಡಿಯಿತು. ನೋಟ್‌ಬುಕ್ ತಗೊಳ್ಳುವಾಗ ರಟ್ಟು ಗಟ್ಟಿ ಇರುವುದನ್ನೇ ನೋಡಿ ತಗೊಳ್ಳಿ.